ಒಳಮಗ್ಗಲಿನ ಗುರುತು

ಮಾವಶಿ,

ಹೇಗಿದ್ದೀರಿ ಎಂದು ಕೇಳಬಾರದು, ಗೊತ್ತು. ಆದರೂ ಕೈ ಅದನ್ನೇ ಬರೆಯಲು ಹೋಯಿತು. ನಿಮಗೆ ಹೇಳಲೇಬೇಕಾದ ಒಂದು ಸುದ್ದಿ ಇದೆ. ಸ್ವಲ್ಪ ತಾಳಿ. ನಿಮ್ಮ ಗಂಗಾ ಯಾವತ್ತು ನೇರವಾಗಿ ವಿಷಯಕ್ಕೆ ಬಂದಿದ್ದಾಳೆ ಹೇಳಿ?

ಖಾನಾಪುರದ ಬಸ್ಸಿಳಿದು, ಬೆಳಗಾವಿಯಲ್ಲಿ ನಿಮ್ಮ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿದ ದಿನ ನೆನಪಾಗುತ್ತದೆ. ನನಗೆ ಎಲ್ಲ ಬರುತ್ತದೆ ಎಂದು ಜಂಬದಿಂದ ಹೇಳಿದ್ದೆ. ನೀವು ಕನ್ನಡಕದ ಮೇಲಿಂದ ನೋಡಿ ಒಂದು ಮಷಿನ್ ತೋರಿಸಿದ್ದಿರಿ. ವಾರ ಕಳೆಯುವುದರೊಳಗೆ ಮಹಾಂತೇಶ ನಗರದ ಒಬ್ಬ ಹೆಂಗಸು ಬಂದು, ನಾನು ಹೊಲಿದ ಜಂಪರನ್ನು ಮೇಜಿನ ಮೇಲೆ ಎಸೆದರು. ಕುತ್ತಿಗೆ ಬಾಯಿ ಬಿಟ್ಟುಕೊಂಡು ನಿಂತಿತ್ತು. ಯಾರು ಹೊಲಿದದ್ದು, ಕರೆಯಿರಿ ಎಂದು ಅವರು ಕೂಗಿದರೆ ನೀವು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಪ್ಪು ಅಂಗಡಿಯದು, ನಾಳೆ ಸರಿಮಾಡಿ ಕೊಡುತ್ತೇವೆ ಎಂದು ಕೈ ಮುಗಿದಿರಿ.

ಅವರು ಹೋದ ಮೇಲೆ ಬೈಗುಳಕ್ಕೆ ಕಾದು ನಿಂತೆ. ನೀವು ಜಂಪರನ್ನು ಒಳಮಗ್ಗಲು ಮಾಡಿ, ಹೆಗಲಿನ ಹತ್ತಿರ ಹೊಲಿಗೆಯ ಚಾಕ್‌ಪೀಸಿನಿಂದ ಒಂದು ಸಣ್ಣ ಬಿಳಿ ಗೆರೆ ಎಳೆದು ನನ್ನ ಕಡೆ ದೂಡಿದಿರಿ.

"ನಾ ಗುರ್ತು ಅಷ್ಟ ಹಾಕ್ತೀನಿ. ಯಾಕ ತಪ್ಪೇತಿ ಅನ್ನೂದು ನೀನ ಹುಡುಕು. ಬಿಚ್ಚೂದೂ ನೀನ."

ಅಷ್ಟೇ. ಗುರುತು ಯಾವಾಗಲೂ ಒಳಮಗ್ಗಲಿಗೆ. ಪಕ್ಕದ ಮಷಿನ್ನಿನವಳಿಗೂ ಕಾಣಬಾರದು, ಅದು ನಿಮ್ಮ ರಿವಾಜು. ಆ ದಿನ ನಾನು ಸಿಟ್ಟಿನಿಂದ ಊಟ ಬಿಟ್ಟೆ. ತಿರುಗಿ ನೋಡಿದರೆ ನನ್ನ ಮಷಿನ್ ಮೇಲೆ ನಿಮ್ಮ ಡಬ್ಬಿಯ ಅರ್ಧ ಜೋಳದ ಭಾಕರಿ, ಮೇಲೊಂದಿಷ್ಟು ಕಡಲೆಹಿಟ್ಟಿನ ಝುಣಕಾ. ನೀವು ಏನೂ ಗೊತ್ತಿಲ್ಲದವರ ಹಾಗೆ ಗುಂಡಿಗೆ ಕಾಜಾ ಹಾಕುತ್ತ ಕುಳಿತಿದ್ದಿರಿ.

ಸಂಜೆಯ ಬಸ್ಸಿನಲ್ಲಿ ಎಷ್ಟು ಸಲ ಮನಸ್ಸಿನಲ್ಲೇ ನಿಮ್ಮ ಜೊತೆ ಜಗಳ ಆಡಿದ್ದೇನೋ. ದೇಸೂರು ದಾಟುವ ಹೊತ್ತಿಗೆ ಸಿಟ್ಟು ಇಳಿಯುತ್ತಿತ್ತು, ಖಾನಾಪುರ ಬರುವಷ್ಟರಲ್ಲಿ ತಪ್ಪು ಎಲ್ಲಿ ಎಂಬುದೂ ಹೊಳೆದಿರುತ್ತಿತ್ತು. ಬಾಯಿ ಬಿಟ್ಟು ನನ್ನನ್ನು ಹೊಗಳಿದವರಲ್ಲ ನೀವು. ಗುರುತು ಇಲ್ಲದೆ ಬಟ್ಟೆ ಮರಳಿ ಬಂದರೆ ಅದೇ ನನಗೆ ಶಾಬಾಸ್‌ಗಿರಿ. ಅಂಥ ದಿನ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಕಾಲು ನೋಯುತ್ತಿರಲಿಲ್ಲ.

ಆಮೇಲೆ ಆ ಕಪ್ಪು ಜಂಪರ್. ಅದಕ್ಕೆ ನೀವು ಕಂದು ದಾರ ಹಾಕಿ ಹೊಲಿದಿದ್ದಿರಿ. ಅದೇ ಮೊದಲಲ್ಲ. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹಿಡಿಯುತ್ತಿದ್ದರು, ಎಲ್ಲರಿಗೂ ಗೊತ್ತಿತ್ತು, ಹೇಳುವವರು ಯಾರೂ ಇರಲಿಲ್ಲ. ನಾನು ಅದನ್ನು ಒಳಮಗ್ಗಲು ಮಾಡಿ, ಒಂದು ಗೆರೆ ಎಳೆದು ನಿಮ್ಮ ಮುಂದಿಟ್ಟೆ. ನೀವು ಅದನ್ನು ಹಿಡಿದು ಬಾಗಿಲಿನ ಬೆಳಕಿಗೆ ಹೋದಿರಿ. ನನ್ನ ಕೆಲಸ ಹೋಯಿತು ಎಂದುಕೊಂಡೆ.

"ಎಲ್ಲಾರೂ ಛಲೋ ಐತಿ ಅಂತಿದ್ರು, ನಾನೂ ನಂಬಿದ್ನಿ," ಎಂದಿರಿ. "ನೀ ಒಬ್ಬಾಕಿ ನನ್ನ ಮರ್ಯಾದಿ ಉಳಿಸಿದಿ ನೋಡು."

ನಾನು ಬಿಚ್ಚುತ್ತೇನೆ ಎಂದರೆ ಕೊಡಲಿಲ್ಲ. ನೀವೇ ಕಣ್ಣಿಗೆ ಹತ್ತಿರ ಹಿಡಿದು ಒಂದೊಂದೇ ಎಳೆ ತೆಗೆದಿರಿ. ಕಣ್ಣು ತೋರಿಸಲು ಮರುದಿನ ನನ್ನ ಜೊತೆ ಹೊರಟಿರಿ. ಹೋಗುವ ದಾರಿಯಲ್ಲೆಲ್ಲ ಬೇರೆ ಅಂಗಡಿಯವರ ಹೊಲಿಗೆಯಲ್ಲಿ ಕೊಂಕು ತೆಗೆಯುತ್ತಲೇ ಇದ್ದಿರಿ.

ಕೊನೆಯ ಸಲ ನಿಮ್ಮನ್ನು ಕಂಡದ್ದು ನೆಹರು ನಗರದ ಆಸ್ಪತ್ರೆಯಲ್ಲಿ. ನನಗಾಗಿ ಹೊಲಿದುಕೊಂಡ ಹಸಿರು ಖಣದ ಜಂಪರ್ ತಂದಿದ್ದೆ. ನೀವು ಮಲಗಿದಲ್ಲೇ ಅದನ್ನು ಒಳಮಗ್ಗಲು ಮಾಡಿ, ಹೊಲಿಗೆಯುದ್ದಕ್ಕೂ ಬೆರಳಾಡಿಸಿದಿರಿ. ಎಡಗಂಕುಳಿನ ಹತ್ತಿರ ಬೆರಳು ನಿಂತಿತು. ಚಾಕ್ ಕೇಳಿದಿರಿ, ಕೊಟ್ಟೆ. ಅದನ್ನು ಹಿಡಿದುಕೊಂಡು ನನ್ನ ಮುಖ ನೋಡಿದಿರಿ. ಆಮೇಲೆ ಚಾಕ್, ಜಂಪರ್ ಎರಡನ್ನೂ ಮರಳಿ ಕೊಟ್ಟಿರಿ. ಗುರುತಿಲ್ಲ! ಕುಣಿಯುತ್ತ ಬಸ್ಸು ಹತ್ತಿದ್ದೆ. ಎರಡು ದಿನಕ್ಕೆ ನಮ್ಮ ಓಣಿಯ ಎಸ್‌ಟಿಡಿ ಬೂತಿಗೆ ಫೋನ್ ಬಂತು, ನೀವು...

ಆಮೇಲೆ ಆ ಜಂಪರ್ ಹಾಕಿಕೊಳ್ಳುವ ಧೈರ್ಯ ನನಗೆ ಆಗಲೇ ಇಲ್ಲ. ನಿಜವಾಗಿಯೂ ತಪ್ಪು ಇರಲಿಲ್ಲವೇ? ಅಥವಾ ನಿಮಗೆ ಕಾಣಲಿಲ್ಲವೇ? ಅಥವಾ ದಾಕ್ಷಿಣ್ಯವೇ ಗೊತ್ತಿಲ್ಲದ ನಿಮಗೆ ಆ ಒಂದು ದಿನ... ಯಾರನ್ನು ಕೇಳಲಿ? ಟ್ರಂಕಿನಲ್ಲಿ ಮಡಚಿಟ್ಟುಬಿಟ್ಟೆ.

ಈಗ ಖಾನಾಪುರದಲ್ಲಿ ನನ್ನದೇ ಅಂಗಡಿ, ಮಾವಶಿ. ಎರಡು ಮಷಿನ್. ಇಲ್ಲಿ ನಾನು ಏನು ಹೊಲಿದರೂ ಮರಾಠಿಯವರು ಛಾನ್ ಅನ್ನುತ್ತಾರೆ, ಕನ್ನಡದವರು ಛಲೋ ಅನ್ನುತ್ತಾರೆ. ಕೇಳಿ ಕೇಳಿ ಕಿವಿ ತುಂಬಿದೆ, ಕೈ ಸೋಮಾರಿಯಾಗಿದೆ. ಎಷ್ಟೋ ದಿನ ಹೊಲಿದದ್ದನ್ನು ಒಳಮಗ್ಗಲು ಮಾಡಿ ಸುಮ್ಮನೆ ನೋಡುತ್ತ ಕುಳಿತಿರುತ್ತೇನೆ. ನೀವು ಬೇಕು. ನಿಮ್ಮ ಒಂದು ಗೆರೆ ಬೇಕು. ಇನ್ನೇನೂ ಬೇಡ.

ಇನ್ನೊಂದು ಮಷಿನ್ನಿಗೆ ನಂದಗಡದಿಂದ ಹಸೀನಾಬಿ ಬರುತ್ತಾರೆ. ನನಗಿಂತ ದೊಡ್ಡವರು, ಮಿತಭಾಷಿ. ಬಂದ ದಿನವೇ ನಿಮ್ಮ ರಿವಾಜು ಹೇಳಿದ್ದೆ: ನಿಮ್ಮದಕ್ಕೆ ನಾನು ಗುರುತು ಹಾಕುತ್ತೇನೆ, ನನ್ನದಕ್ಕೆ ನೀವು ಹಾಕಬೇಕು. ಮಾಲಕರ ಬಟ್ಟೆಗೆ ಗೆರೆ ಎಳೆಯುವುದು ಹೇಗೆ ಎಂದು ಅವರು ಪ್ರತಿ ಸಲ ತಪ್ಪಿಸಿಕೊಳ್ಳುತ್ತಿದ್ದರು. ನಿನ್ನೆ ತೋಳಿನ ಮಾದರಿಗೆಂದು ಆ ಹಸಿರು ಜಂಪರ್ ತೆಗೆದು ಅವರಿಗೆ ಕೊಟ್ಟು, ಹುಕ್ಕು ತರಲು ಪೇಟೆಗೆ ಹೋದೆ.

ಬಂದು ನೋಡಿದರೆ ಒಳಮಗ್ಗಲಿಗೆ, ಎಡಗಂಕುಳಿನಲ್ಲಿ, ಬಿಳಿ ಗೆರೆ.

ಮೈ ಉರಿಯಿತು, ಸುಳ್ಳು ಹೇಳುವುದಿಲ್ಲ. ನನ್ನ ಮಾವಶಿ ಬಿಟ್ಟದ್ದನ್ನು ಹಿಡಿಯಲು ನೀವು ಯಾರು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಪರದೆಯ ಹಿಂದೆ ಹೋಗಿ ಹಾಕಿಕೊಂಡೆ. ಕೈ ಎತ್ತಿದರೆ ಖರೇ, ಅಲ್ಲಿ ಹಿಡಿಯುತ್ತಿತ್ತು. ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಕಣ್ಣಿಗೆ ಕಾಣಂಗಿಲ್ರೀ ಅಕ್ಕಾರ," ಎಂದರು ತಲೆ ಎತ್ತದೆ. "ಬೆರಳಿಗೆ ಹತ್ತತೈತಿ."

ಬೆರಳಿಗೆ ಹತ್ತುತ್ತದಂತೆ, ಮಾವಶಿ! ನಿಮ್ಮ ಬೆರಳು ಅಲ್ಲೇ ನಿಂತಿತ್ತಲ್ಲ. ಗೊತ್ತಾಗಿತ್ತು ನಿಮಗೆ. ಗೊತ್ತಿದ್ದೂ ಚಾಕ್ ಮರಳಿ ಕೊಟ್ಟಿರಿ. ನಾನು ಬಿಚ್ಚಿ ಹೊಲಿದು ತರುವ ಹೊತ್ತಿಗೆ ನೋಡಲು ನೀವು ಇರುವುದಿಲ್ಲ ಎಂಬುದೂ ಗೊತ್ತಿತ್ತೇ?

ನಿನ್ನೆ ಮಧ್ಯಾಹ್ನವೇ ಬಿಚ್ಚಲು ಕುಳಿತೆ. ಕಣ್ಣು ತುಂಬಿ ಎಳೆ ಕಾಣುತ್ತಿರಲಿಲ್ಲ, ಊಟಕ್ಕೂ ಏಳಲಿಲ್ಲ. ಕಣ್ಣೊರೆಸಿಕೊಂಡು ನೋಡಿದರೆ ನನ್ನ ಮಷಿನ್ ಮೇಲೆ ಅರ್ಧ ರೊಟ್ಟಿ, ಮೇಲೊಂದಿಷ್ಟು ಚಟ್ನಿ. ಹಸೀನಾಬಿ ಏನೂ ಗೊತ್ತಿಲ್ಲದವರ ಹಾಗೆ ಕಾಜಾ ಹಾಕುತ್ತ ಕುಳಿತಿದ್ದರು.

ಗುರುತು ಹಾಕುವುದನ್ನು ನಾನು ಅವರಿಗೆ ಕಲಿಸಿದ್ದೆ, ಮಾವಶಿ. ಇದನ್ನು ಕಲಿಸಿರಲಿಲ್ಲ.

ನಿಮ್ಮ
ಗಂಗಾ