ಎರಡನೆಯ ಸಲ ಕೇಳದ ಅಧಿಕಾರಿಗೆ

ನಮ್ಮ ಪುರಸಭೆಯ ನಿರಾಶ್ರಿತರ ಪುನರ್ವಸತಿ ಅಧಿಕಾರಿಗಳೇ,

ನಿಮ್ಮ ಎಡಗಾಲಿನ ಬೂಟು ಕದ್ದವಳು ನಾನು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಶಾಲೆಯ ಬಾಗಿಲಲ್ಲಿ ಎಲ್ಲರಂತೆ ಬೂಟು ಬಿಚ್ಚಿಟ್ಟು ಭಾಷಣಕ್ಕೆ ಬಂದಿದ್ದಿರಿ. ಹೋಗುವಾಗ ಒಂದು ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹಿಮದಲ್ಲಿ ಕುಂಟುತ್ತ ಕಾರಿನತ್ತ ನಡೆದಿರಿ. ಮರೆಯಲ್ಲಿ ನಿಂತು ಕಣ್ತುಂಬ ನೋಡಿದೆ. ಪಶ್ಚಾತ್ತಾಪವಿಲ್ಲ; ಬಲಗಾಲಿನದನ್ನು ಬಿಟ್ಟುಬಂದೆನಲ್ಲ ಎಂಬ ಬೇಸರವಿದೆ. ನನ್ನಿಂದ ನೀವು ಕಳೆದುಕೊಂಡದ್ದು ಒಂದು ಬೂಟು. ನಿಮ್ಮಿಂದ ನಾವು ಕಳೆದುಕೊಂಡದ್ದು ನನ್ನ ಅಜ್ಜಿಯನ್ನು. ಅವಳು ಸತ್ತಿಲ್ಲ. ಈ ದೇಶದ ಇನ್ನೊಂದು ತುದಿಯ ವೃದ್ಧಾಶ್ರಮದಲ್ಲಿ, ತುಂಬಿದ ತಟ್ಟೆಯ ಮುಂದೆ ಹಸಿದು ಕೂತಿದ್ದಾಳೆ.

ನಮ್ಮೂರು ಹೆರಾತ್ ಬಿಟ್ಟು ಈ ಉತ್ತರದ ಊರಿಗೆ ಬಂದ ಮೊದಲ ವಾರ ನಿಮಗೆ ನೆನಪಿರಲಾರದು. ಮಧ್ಯಾಹ್ನವೂ ಸೂರ್ಯನಿಲ್ಲದೆ ಅಪ್ಪ ನಮಾಜಿನ ಹೊತ್ತು ತಿಳಿಯದೆ ಒದ್ದಾಡುತ್ತಿದ್ದ. ಪಕ್ಕದ ಮನೆಯವರ ಅಂಗಳದ ಹಿಮವನ್ನೂ ಉಪಕಾರಕ್ಕೆಂದು ಎತ್ತಿಹಾಕಿ ಅವರನ್ನು ಗಾಬರಿಪಡಿಸಿದ್ದ. ಆಗ ನೀವು ಬಂದಿರಿ. ಅಮ್ಮ ಚಹಾ ಬಗ್ಗಿಸಿದಳು, ಬೇಡ ಎಂದಿರಿ. ಮತ್ತೆ ಒತ್ತಾಯಿಸಿದಳು, ಬೇಡ ಎಂದಿರಿ. ಮೂರನೆಯ ಸಲಕ್ಕೆ ಲೋಟ ಎತ್ತಿದಿರಿ. ಪಿಸ್ತಾ ತಟ್ಟೆಯನ್ನೂ ಖಾಲಿ ಮಾಡಿದಿರಿ. ಆಮೇಲೆ, ಈ ದೇಶದ ದಕ್ಷಿಣ ತುದಿಯ ನಿರಾಶ್ರಿತರ ಶಿಬಿರದಲ್ಲಿದ್ದ ಅಜ್ಜಿಯನ್ನೂ ಇದೇ ಮನೆಗೆ ಕಳಿಸೋಣವೇ ಎಂದು ಅಪ್ಪನನ್ನು ಕೇಳಿದಿರಿ.

ಅಪ್ಪ ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸಿದ. "ಅಯ್ಯೋ, ಬೇಡ. ನಮಗೋಸ್ಕರ ಈಗಾಗ್ಲೇ ಎಷ್ಟೊಂದು ಮಾಡಿದೀರಿ. ಇನ್ನೂ ತೊಂದ್ರೆ ಯಾಕೆ?"

ಫೋನಿನಲ್ಲಿದ್ದ ದುಭಾಷಿ ಅದನ್ನು ಅಕ್ಷರ ಬಿಡದೆ ದಾಟಿಸಿದ. ನಮ್ಮವರಲ್ಲಿ ಮೊದಲನೆಯ ಬೇಡ ನಮಸ್ಕಾರವಿದ್ದಂತೆ, ಎರಡನೆಯದು ಮರ್ಯಾದೆ. ಮೂರನೆಯ ಸಲ ಕೇಳಿದಾಗ ಮಾತ್ರ ಮನಸ್ಸು ಬಾಯಿಗೆ ಬರುತ್ತದೆ. ನೀವು ಎರಡನೆಯ ಸಲ ಕೇಳಲೆಂದು ಅಪ್ಪ ಕಾಯುತ್ತಿದ್ದ. ನೀವು ಮುಗುಳ್ನಕ್ಕು ಏನೋ ಬರೆದುಕೊಂಡು ಎದ್ದಿರಿ. ಬಾಗಿಲಲ್ಲಿ ಕೇಳಬಹುದೆಂದು, ನೀವು ಬೂಟು ಹಾಕಿಕೊಳ್ಳುವವರೆಗೂ ಅವನು ಜೊತೆಗೆ ನಿಂತ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅಮ್ಮನಿಗೆ ಹೇಳಿದ: "ನಾಳೆ ಮತ್ತೆ ಕೇಳ್ತಾರೆ ಬಿಡು."

ಮರುದಿನ ನೀವು ಬರಲಿಲ್ಲ. ಅಪ್ಪನೇ ನಿಮ್ಮ ಬಾಗಿಲಿಗೆ ಬಂದು ಬೇಡಿಕೊಂಡಾಗ, ಕುಟುಂಬವೇ ನಿರಾಕರಿಸಿದೆ ಎಂದಿರಿ. ಅಂದಿನಿಂದ ಪ್ರತಿ ಅರ್ಜಿಗೂ ಅದೇ ಉತ್ತರ. ಅಜ್ಜಿಯನ್ನು ಶಿಬಿರದಿಂದ ಅಲ್ಲಿನ ವೃದ್ಧಾಶ್ರಮಕ್ಕೆ ಸಾಗಿಸಿದರು. ಎಷ್ಟು ಅನುಕೂಲದ ವಾಕ್ಯ! ತಾಯಿಯನ್ನು ಬೇಡವೆಂದ ಮಗ ಎಂದು ಒಬ್ಬ ಮನುಷ್ಯನ ಹಣೆಗೆ ಹಚ್ಚಿದಿರಿ. ನಿಮ್ಮ ಕೈಗೆ ಮಸಿಯೂ ತಾಗಲಿಲ್ಲ.

ಆ ಚಳಿಗಾಲ ಮುಗಿಯುವ ಮುನ್ನ ನೀವು ಶಾಲೆಗೆ ಬಂದು ನಮ್ಮಂಥ ಹೊಸಬರಿಗೆ ಬುದ್ಧಿ ಹೇಳಿದಿರಿ. ಈ ದೇಶದಲ್ಲಿ ಜನ ಮನಸ್ಸಿನಲ್ಲಿರುವುದನ್ನೇ ಆಡುತ್ತಾರೆ, ಬೇಡ ಎಂದರೆ ಬೇಡ ಎಂದೇ ಅರ್ಥ, ಎಂದಿರಿ. ನಾನು ಎದ್ದು ನಿಂತೆ. "ಹಾಗಾದ್ರೆ ನಮ್ಮನೇಲಿ ಎರಡು ಸಲ ಬೇಡ ಅಂದು ಚಹಾ ಯಾಕೆ ಕುಡಿದ್ರಿ?"

ತರಗತಿ ನಕ್ಕಿತು. ನೀವೂ ನಕ್ಕಿರಿ. "ಅದು ಸೌಜನ್ಯ ಕಣಮ್ಮ."

ನಿಮ್ಮದು ಸೌಜನ್ಯ, ನನ್ನಪ್ಪನದು ಹೇಳಿಕೆಯೇ? ಉತ್ತರಕ್ಕೆ ಕಾಯದೆ ಹೊರಬಂದೆ; ಬರುವಾಗ ಬೂಟು ಎತ್ತಿಕೊಂಡೆ. ಮತ್ತೆ ಆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಗಣಿತ ತಲೆಗೆ ಹತ್ತದೆ ಶಾಲೆ ಬಿಟ್ಟಳು ಎಂದು ಊರು ನಂಬಿದೆ, ನಂಬಲಿ.

ಅಪ್ಪ ಈಗ ಯಾವುದಕ್ಕೂ ಬೇಡ ಅನ್ನುವುದಿಲ್ಲ. ಮೀನಿನ ಕಾರ್ಖಾನೆಯಲ್ಲಿ ಯಾರಾದರೂ ಬ್ರೆಡ್ಡಿನ ಡಬ್ಬಿ ತೆರೆದರೆ, ಅವರು ಕೇಳಿ ಮುಗಿಸುವ ಮೊದಲೇ "ಕೊಡಿ" ಎಂದು ಕೈ ಚಾಚುತ್ತಾನೆ. ಹಸಿವಿಲ್ಲದಿದ್ದರೂ ತಿನ್ನುತ್ತಾನೆ. ಜೊತೆಯವರು ಅವನಿಗೆ ಹೊಟ್ಟೆಬಾಕ ಎಂದು ಹೆಸರಿಟ್ಟಿದ್ದಾರೆ. ಹೆರಾತ್‌ನಲ್ಲಿ ಬೀದಿಗೆಲ್ಲ ಮರ್ಯಾದೆ ಕಲಿಸಿದ ಮನುಷ್ಯ ಅವನು.

ಅಜ್ಜಿ ಗೌಹರ್ ಬೀಬಿ ಮಾತ್ರ ಬದಲಾಗಲಿಲ್ಲ. ಆಶ್ರಮದ ದಾದಿ ಫೋನಿನಲ್ಲಿ ಹೊಗಳುತ್ತಾಳೆ: ತುಂಬ ಒಳ್ಳೆಯ ಹೆಂಗಸು, ಹಸಿವೇ ಇಲ್ಲ, ಊಟ ಬೇಕೇ ಎಂದರೆ ಎದೆಯ ಮೇಲೆ ಕೈಯಿಟ್ಟು ನಗುತ್ತಾರೆ. ಮೂರು ಸಲ ಕೇಳಿ ಎಂದು ಅಂಗಲಾಚಿದೆವು. ಒತ್ತಾಯಿಸುವುದು ನಿಯಮಕ್ಕೆ ವಿರುದ್ಧವಂತೆ. ಅಜ್ಜಿಗೇ ಹೇಳಿದೆ, ಮೊದಲನೆಯ ಸಲಕ್ಕೇ ಹೂಂ ಅನ್ನು ಎಂದು. "ಹಾಗನ್ನೋಕೆ ನಾನೇನು ಊಟ ಕಾಣದೆ ಬಂದವಳಾ ಮಗಳೇ?" ಎಂದಳು. ಅವಳ ಬಳೆ ಈಗ ಮೊಣಕೈವರೆಗೂ ಜಾರುತ್ತದೆಯಂತೆ. ಅದನ್ನೂ ದಾದಿಯೇ ಹೇಳಿದಳು, ತಮಾಷೆ ಎಂಬಂತೆ.

ನನ್ನ ಬೇಡಿಕೆ ಇಷ್ಟು. ನಮ್ಮ ಮನೆಗೆ ಬನ್ನಿ. ಅದೇ ಕುರ್ಚಿಯಲ್ಲಿ ಕೂತು, ಅದೇ ಪ್ರಶ್ನೆಯನ್ನು ಅಪ್ಪನಿಗೆ ಇನ್ನೆರಡು ಸಲ ಕೇಳಿ. ಅವನು ಹೇಳಿದ್ದನ್ನು ಬರೆದುಕೊಳ್ಳಿ. ಅಮ್ಮ ಚಹಾ ಕೊಡುತ್ತಾಳೆ, ಒಮ್ಮೆ ಮಾತ್ರ ಕೇಳುತ್ತಾಳೆ. ನಿಮ್ಮ ಬೂಟು ಬಾಗಿಲ ಹಿಂದಿದೆ. ಅದು ಬೇಕೇ? ನಾನೂ ಒಮ್ಮೆ ಕೇಳಿದ್ದೇನೆ.

ನೀವು ಬಂದಾಗ ನಾನಿರುವುದಿಲ್ಲ. ಅಜ್ಜಿಯ ಪಕ್ಕದಲ್ಲಿ ಕೂತು ಎರಡನೆಯ ಸಲ, ಮೂರನೆಯ ಸಲ ಕೇಳುವವರು ಯಾರಾದರೂ ಬೇಕು.

ಇಂತಿ, ಹೊಟ್ಟೆಬಾಕನ ಮಗಳು,
ತೂಬಾ

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ.