ಭಟ್ಟಿ ಆರದಂತೆ ಕಾಯ್ದವರು

ಅಣ್ಣನಿಗೆ,

ಗಡಿಯಾರಣ್ಣ ಹೋದರು. ಕಳೆದ ಮಂಗಳವಾರ ಬೆಳಿಗ್ಗೆ ಹಾಲು ತರಲು ಹೊರಟವರು ಮೆಟ್ಟಿಲ ಮೇಲೆ ಕುಳಿತರಂತೆ. ಮತ್ತೆ ಏಳಲಿಲ್ಲ. ನಿನಗೆ ಫೋನು ಮಾಡಿ ಹೇಳಿದೆವು ಎಂದು ಹಳೆಯ ಯೂನಿಯನ್ನಿನವರು ಹೇಳಿದರು. "ಆಯ್ತು, ಗೊತ್ತಾಯ್ತು" ಎಂದಷ್ಟೇ ಹೇಳಿ ಇಟ್ಟೆಯಂತೆ. ಆದರೂ ಬರುತ್ತೀಯೇನೋ ಎಂದು ನಾನು ಹೆಣ ಎತ್ತುವವರೆಗೂ ಬೀದಿಯ ತುದಿಯನ್ನೇ ನೋಡುತ್ತಾ ನಿಂತಿದ್ದೆ. ನೀನು ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆ ಕಾರಣ ಸುಳ್ಳು ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೆ ಗೊತ್ತಿತ್ತು.

ಅದಕ್ಕೇ ಈ ಪತ್ರ. ಓದುತ್ತಾ ಓದುತ್ತಾ ನಿನಗೆ ಇದನ್ನು ಹರಿದು ಬಿಸಾಡಬೇಕು ಅನ್ನಿಸುತ್ತದೆ. ಕೊನೆಯವರೆಗೂ ಓದಿ ಆಮೇಲೆ ಹರಿದುಬಿಡು.

ಚುನಾವಣೆಗೆ ಮುಂಚಿನ ಆ ಸಭೆ ನಿನಗೆ ನೆನಪಿರಬೇಕು. ಸೈಕಲ್ ಅಂಗಡಿಯ ಮೇಲಿನ ಪಕ್ಷದ ಕಚೇರಿ, ಮುರುಕು ಬೆಂಚು, ನಮ್ಮ ಗಾಜಿನ ಕಾರ್ಖಾನೆಯಲ್ಲೇ ತಿರಸ್ಕೃತವಾದ ಸೊಟ್ಟ ಬಾಟಲಿಗಳಲ್ಲಿ ಕುಡಿಯುವ ನೀರು. ವಿಧಾನಸಭೆಗೆ ನಮ್ಮ ಕ್ಷೇತ್ರದಿಂದ ಮೇಷ್ಟ್ರಿಗೆ ಟಿಕೆಟ್ ಆಗಿತ್ತು. ಅದರ ಬಗ್ಗೆ ಯಾರದ್ದೂ ತಕರಾರಿರಲಿಲ್ಲ. ತಕರಾರು ಬಂದದ್ದು ಮಸೂದೆಯ ವಿಷಯಕ್ಕೆ. ಗುತ್ತಿಗೆ ಕೆಲಸಗಾರರು ಯಾವ ಯೂನಿಯನ್ನಿಗೂ ಸೇರುವಂತಿಲ್ಲ ಎಂಬ ಮಸೂದೆ ಬರುವುದಿತ್ತು. ಪಕ್ಷ ಅದನ್ನು ವಿರೋಧಿಸುವುದಿಲ್ಲ, ಪ್ರಚಾರದಲ್ಲಿ ಆ ಮಾತೇ ಎತ್ತಬಾರದು ಎಂದು ಮೇಲಿನವರು ಹೇಳಿ ಕಳಿಸಿದ್ದರು. ನಮ್ಮ ಕಾರ್ಖಾನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗುತ್ತಿಗೆಯವರು. ಅವರನ್ನು ಒಬ್ಬೊಬ್ಬರಾಗಿ ಯೂನಿಯನ್ನಿಗೆ ಸೇರಿಸಿದವನು ನೀನು.

ಮೇಷ್ಟ್ರು ಮೆಲ್ಲಗೆ ಹೇಳಿದರು. "ಮೊದ್ಲು ಒಳಗೆ ಹೋಗೋಣಪ್ಪ. ಹೊರಗೆ ನಿಂತು ಕೂಗಿದ್ರೆ ಯಾರಿಗೆ ಕೇಳುತ್ತೆ?"

ನೀನು ಹೇಳಿದೆ. "ನಮ್ಮವ್ರನ್ನ ಬಾಗಿಲಲ್ಲೇ ಬಿಟ್ಟು ಒಳಗೆ ಹೋದ್ಮೇಲೆ, ಒಳಗಿರೋದು ಯಾರು ಮೇಷ್ಟ್ರೇ?"

ಕೈ ಎತ್ತಲು ಹೇಳಿದರು. ಹನ್ನೆರಡು ಕೈ ಮೇಷ್ಟ್ರ ಕಡೆ, ಒಂಬತ್ತು ನಿನ್ನ ಕಡೆ. ಹನ್ನೆರಡರಲ್ಲಿ ಒಂದು ನನ್ನದು. ನಾನು ಹೆದರಿ ಎತ್ತಿದ್ದಲ್ಲ, ನಂಬಿಯೇ ಎತ್ತಿದೆ. ಎದುರು ಪಕ್ಷ ಗೆದ್ದರೆ ಯೂನಿಯನ್ನೇ ಉಳಿಯುವುದಿಲ್ಲ ಅನ್ನಿಸಿತ್ತು. ಅದರ ಜೊತೆಗೆ ಇನ್ನೊಂದೂ ಇತ್ತು. ಹತ್ತೊಂಬತ್ತನೇ ವಯಸ್ಸಿಗೆ, ಬಾಟಲಿಗಳನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕುವುದೊಂದೇ ಗೊತ್ತಿದ್ದ ನನಗೆ ಅಕ್ಷರ ಕಲಿಸಿದವರು ಮೇಷ್ಟ್ರು. ಆ ಋಣ ನನ್ನ ಕೈಯನ್ನು ಇನ್ನಷ್ಟು ಹಗುರ ಮಾಡಿತು. ಚಿಕ್ಕಂದಿನಲ್ಲಿ ಅಮ್ಮನ ಮುಂದೆ ನನ್ನ ಪರವಾಗಿ ವಾದಿಸಿ ಸೋತು ಬಂದಾಗ ನನ್ನನ್ನು ನೋಡುತ್ತಿದ್ದೆಯಲ್ಲ, ಅವತ್ತೂ ನೀನು ಹಾಗೇ ನೋಡಿದೆ. ಮೆಟ್ಟಿಲಿಳಿಯುವಾಗ, "ನಿನ್ನ ಕೈ, ನಿನ್ನಿಷ್ಟ. ಭಾನುವಾರ ಊಟಕ್ಕೆ ಬರೋದು ಮಾತ್ರ ತಪ್ಪಿಸ್ಬೇಡ" ಅಂದೆ. ಮರುದಿನ ಪಕ್ಷಕ್ಕೆ ರಾಜೀನಾಮೆ ಕೊಟ್ಟು ಯೂನಿಯನ್ನಿನ ಪರವಾಗಿ ಪಕ್ಷೇತರನಾಗಿ ನಿಂತೆ.

ಗಡಿಯಾರಣ್ಣ ಯಾವ ಕಡೆಗೂ ಬರಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ಪಾಳಿಗೂ ತಡವಾಗಿ ಬಂದವರಲ್ಲ ಅವರು. ಅವರು ಗೇಟಿಗೆ ಬಂದ ಮೇಲೆ ಸೈರನ್ ಕೂಗಿದರೆ ಜನ ಸೈರನ್ನನ್ನೇ ಬೈಯುತ್ತಿದ್ದರು. ಆ ಮನುಷ್ಯ ನಿನ್ನ ಮನೆಗೆ ಬಂದು, "ನಿಲ್ಬೇಡ ಕಣೋ. ಇಬ್ರೂ ನಿಂತ್ರೆ ಮೂರನೆಯವನು ಗೆಲ್ತಾನೆ" ಅಂದದ್ದಷ್ಟೇ. ನೀನು ಕೇಳಲಿಲ್ಲ. ಅವರು ಮತ್ತೆ ಹೇಳಲಿಲ್ಲ. ನಿನ್ನ ಪ್ರಚಾರಕ್ಕೆ ಬರಲೂ ಇಲ್ಲ. ಅವರ ಮೇಲಿನ ನಿನ್ನ ಅನುಮಾನ ಅಲ್ಲಿಂದಲೇ ಹುಟ್ಟಿತು ಅಂತ ನನಗೆ ಗೊತ್ತು.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ.

ಒಂದು ಮಧ್ಯಾಹ್ನ ಕಚೇರಿಯಲ್ಲಿ ಪೋಸ್ಟರ್ ಹಿಂದೆ ಅಂಟು ಬಳಿಯುತ್ತಾ ಕುಳಿತಿದ್ದೆವು. ಮೇಷ್ಟ್ರ ಪ್ರಚಾರ ನೋಡಿಕೊಳ್ಳುತ್ತಿದ್ದ ಬಟ್ಟೆ ಅಂಗಡಿಯವರು ನಿನ್ನ ಬಗ್ಗೆ ಬಾಯಿಗೆ ಬಂದದ್ದು ಮಾತಾಡುತ್ತಿದ್ದರು. "ಆ ಮನುಷ್ಯನಿಗೆ ಕಾರ್ಖಾನೆ ಇದ್ರೇನು, ಮುಳುಗಿದ್ರೇನು? ಕೈಗೊಂದು ಮೈಕ್ ಸಿಕ್ಕಿದ್ರೆ ಸಾಕು" ಅಂದರು. ನಿನ್ನ ವಿರುದ್ಧ ಕೈ ಎತ್ತಿದವಳು ನಾನೇ. ಆದರೆ ಆ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು. ಅಂಟಿನ ಬ್ರಶ್ ಕೆಳಗಿಟ್ಟು ಹೇಳಿಬಿಟ್ಟೆ. "ಕಾರ್ಖಾನೆ ಮೇಲೆ ಪ್ರೀತಿ ಇಲ್ವಾ ಅವನಿಗೆ? ಆ ದೊಡ್ಡ ಮುಷ್ಕರದಲ್ಲಿ ಭಟ್ಟಿ ಆರದ ಹಾಗೆ ನೋಡ್ಕೊಂಡಿದ್ದು ಯಾರು ಅಂದ್ಕೊಂಡ್ರಿ? ನಲವತ್ತಾರು ದಿನ, ಕಲ್ಲಿದ್ದಲು ಅಂಗಳದ ಹಿಂಬಾಗಿಲಿಂದ ಹೋಗಿ ಬೆಂಕಿ ಕಾಯ್ದವನು ಅವನು. ನಾನೇ ಬುತ್ತಿ ಕೊಟ್ಟು ಬರ್ತಿದ್ದೆ."

ಹೊಗಳಲೆಂದೇ ಹೇಳಿದೆ ಅಣ್ಣ. ನಿನ್ನ ಹೆಮ್ಮೆಗೆ ಹೇಳಿದೆ.

ಆ ಗುಟ್ಟು ಎಷ್ಟು ದೊಡ್ಡದು ಅಂತ ನನಗೆ ಗೊತ್ತಿಲ್ಲದೆ ಇರಲಿಲ್ಲ. ಭಟ್ಟಿ ಒಮ್ಮೆ ತಣ್ಣಗಾದರೆ ಕರಗಿದ ಗಾಜೆಲ್ಲ ಒಳಗೇ ಕಲ್ಲಾಗಿ ಇಟ್ಟಿಗೆ ಸೀಳುತ್ತದೆ, ಆ ಭಟ್ಟಿ ಮತ್ತೆ ಎಂದೂ ಹೊತ್ತುವುದಿಲ್ಲ, ಮುಷ್ಕರ ಗೆದ್ದರೂ ವಾಪಸ್ ಹೋಗಲು ಕಾರ್ಖಾನೆಯೇ ಇರುವುದಿಲ್ಲ ಎಂದು ನೀನೇ ನನಗೆ ವಿವರಿಸಿದ್ದೆ. ನೀನು, ಗಡಿಯಾರಣ್ಣ, ಬೆಂಕಿಗೆ ಕಲ್ಲಿದ್ದಲು ಹಾಕುವ ತಾತ, ಭಟ್ಟಿ ಕಟ್ಟುವ ಗಾರೆಯವರು. ನಾಲ್ಕೇ ಜನ. ಬಾಟಲಿ ಒಂದೂ ಮಾಡದೆ, ಬರೀ ಬೆಂಕಿ ಕಾಯ್ದು ಬರುತ್ತಿದ್ದಿರಿ. ಮುಂಬಾಗಿಲಲ್ಲಿ ಘೋಷಣೆ ಕೂಗುತ್ತಾ ಕುಳಿತವರಿಗೆ ತಿಳಿದರೆ ಕಾರಣ ಕೇಳುವ ಮುಂಚೆ ಕಲ್ಲು ಬೀಳುತ್ತಿತ್ತು. ಮುಷ್ಕರ ಗೆದ್ದ ಮೇಲೂ ನಾಲ್ವರೂ ಬಾಯಿ ಬಿಡಲಿಲ್ಲ. ಹನ್ನೊಂದು ವರ್ಷ ಉಳಿದ ಮಾತು ನನ್ನ ಬಾಯಿಂದ ಒಂದು ನಿಮಿಷದಲ್ಲಿ ಹೊರಗೆ ಬಿತ್ತು.

ಎರಡು ದಿನದ ಮೇಲೆ ಬಟ್ಟೆ ಅಂಗಡಿಯವರು ಒಂದು ಹಾಳೆ ತಂದರು. ಪ್ರೆಸ್ಸಿಗೆ ಕೊಡಲು ನಾನು ಅದನ್ನು ನೀಟಾಗಿ ಬರೆದುಕೊಡಬೇಕಿತ್ತು. "ಮುಷ್ಕರದ ದಿನಗಳಲ್ಲಿ ಹಿಂಬಾಗಿಲಿಂದ ಒಳಹೋದವರು ಯಾರು?" ಎಂದು ಮೇಲೆ. ಕೆಳಗೆ ನಿನ್ನ ಹೆಸರು, ನಲವತ್ತಾರು ದಿನ, ಕಲ್ಲಿದ್ದಲು ಅಂಗಳದ ಬಾಗಿಲು, ಎಲ್ಲ. ನಾನು ಅದನ್ನು ಹಿಡಿದುಕೊಂಡು ಮೇಷ್ಟ್ರ ಹತ್ತಿರ ಹೋದೆ. ಇದನ್ನು ಹಾಕಬೇಡಿ ಅಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. "ಇದ್ರಲ್ಲಿ ಒಂದಾದ್ರೂ ಸುಳ್ಳಿದ್ರೆ ತೋರಿಸಮ್ಮ, ತೆಗೆಸ್ತೀನಿ" ಅಂದರು.

ಸುಳ್ಳು ಒಂದೂ ಇರಲಿಲ್ಲ. "ಯಾಕೆ ಹೋದ ಅನ್ನೋದನ್ನೂ ಹಾಕಿ" ಅಂದೆ. "ಅದನ್ನ ಅವನೇ ಹೇಳ್ಕೊಳ್ಳಲಿ. ಅವನಿಗೂ ಮೈಕ್ ಇದೆಯಲ್ಲ" ಅಂದರು. ಅವರ ದನಿಯಲ್ಲಿ ಸಂತೋಷವೇನೂ ಇರಲಿಲ್ಲ, ಅದನ್ನೂ ಹೇಳಬೇಕು. ಆದರೂ ಅಂದರು.

ನಾನು ಹಾಳೆ ಹರಿಯಬಹುದಿತ್ತು. ಎದ್ದು ಬಂದು ನಿನಗೆ ಹೇಳಬಹುದಿತ್ತು. ಕುಳಿತು ಬರೆದೆ. 'ವಿಶ್ವಾಸಘಾತ' ಎಂಬಲ್ಲಿ ಬಟ್ಟೆ ಅಂಗಡಿಯವರು 'ಘ' ಬರೆಯುವ ಕಡೆ 'ಗ' ಬರೆದಿದ್ದರು. ಅದನ್ನೂ ತಿದ್ದಿದೆ. ನಾನು ಕಲಿತ ಅಕ್ಷರಕ್ಕೆ ಆ ದಿನ ಅದೇ ಕೆಲಸ ಸಿಕ್ಕಿತು.

ಪಾಳಿ ಬದಲಾಗುವ ಹೊತ್ತಿಗೆ ಗೇಟಿನಲ್ಲಿ ಕರಪತ್ರ ಹಂಚಿದರು. ಸಂಜೆ ನೀರಿನ ಟ್ಯಾಂಕಿನ ಬಳಿ ನಿನ್ನ ಸಭೆ. ಹಿಂದೆ ನಿಂತು ನೋಡಿದೆ. ನೀನು ಎರಡು ಮಾತಾಡುವಷ್ಟರಲ್ಲಿ ಗುತ್ತಿಗೆಯವರಲ್ಲೇ ಒಬ್ಬ ಎದ್ದು ಕೇಳಿದ. "ಒಳಗೆ ಹೋಗಿದ್ರೋ ಇಲ್ವೋ, ಅದನ್ನ ಹೇಳಿ." ನೀನು "ಹೋಗಿದ್ದೆ" ಅಂದೆ. ಭಟ್ಟಿ ಉಳಿಸಲು ಅಂತ ಹೇಳತೊಡಗಿದೆ, ಗಲಾಟೆಯಲ್ಲಿ ಅದು ಯಾರಿಗೂ ಕೇಳಲಿಲ್ಲ. "ಜೊತೆಗೆ ಯಾರ್ಯಾರಿದ್ರು?" ಅಂತ ಇನ್ನೊಬ್ಬ. ನೀನು "ನಾನೊಬ್ನೇ" ಅಂದೆ. ಆ ಭಟ್ಟಿಯನ್ನು ಒಬ್ಬ ಮನುಷ್ಯ ನಲವತ್ತಾರು ದಿನವಿರಲಿ, ಎರಡು ದಿನವೂ ಕಾಯಲಾರ ಅಂತ ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಯಾರಿಗೂ ಅದನ್ನು ಯೋಚಿಸುವ ಮನಸ್ಸಿರಲಿಲ್ಲ. ಜನ ಒಬ್ಬೊಬ್ಬರೇ ಎದ್ದು ಹೋದರು. ನೀನು ಖಾಲಿ ಚಾಪೆಗಳ ಮುಂದೆ ಮೈಕಿನ ವೈರು ಸುತ್ತುತ್ತಾ ನಿಂತಿದ್ದೆ.

ಮರುದಿನ ಗೇಟಿನ ಹತ್ತಿರ ನೀನು ಗಡಿಯಾರಣ್ಣನನ್ನು ತಡೆದು ನಿಲ್ಲಿಸಿದೆ. ನಾನು ನಿನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿದ್ದೆ. "ನಾಲ್ಕು ಜನಕ್ಕೆ ಗೊತ್ತಿದ್ದ ಮಾತು. ತಾತ ಸತ್ತ. ಗಾರೆಯವ್ನು ಊರು ಬಿಟ್ಟ. ನಾನು ಹೇಳಿಲ್ಲ. ಇನ್ಯಾರು ಉಳಿದ್ರು, ನೀನೇ ಹೇಳು" ಅಂದೆ. ಐದನೆಯವಳಾಗಿ ನಾನಿದ್ದೆ. ನಿನಗೆ ನಾನು ನೆನಪಾಗಲೇ ಇಲ್ಲ. ಬುತ್ತಿ ತರುತ್ತಿದ್ದ ತಂಗಿಯನ್ನು ಅನುಮಾನದ ಸಾಲಿನಲ್ಲಿ ನಿಲ್ಲಿಸುವುದು ನಿನ್ನ ಮನಸ್ಸಿಗೆ ಬರಲೇ ಇಲ್ಲ. ಗಡಿಯಾರಣ್ಣ ಏನೋ ಹೇಳಲು ಬಾಯಿ ತೆರೆದರು. ನಿನ್ನ ಭುಜದ ಮೇಲಿಂದ ಅವರ ಕಣ್ಣು ನನ್ನ ಮೇಲೆ ಬಿತ್ತು. ನನ್ನ ಮುಖದಲ್ಲಿ ಏನಿತ್ತೋ, ಬಾಯಿ ಮುಚ್ಚಿಕೊಂಡರು. "ಇನ್ನು ನನ್ನ ಮುಖ ನೋಡ್ಬೇಡ" ಅಂತ ನೀನು ನಡೆದುಬಿಟ್ಟೆ.

ಫಲಿತಾಂಶ ನಿನಗೆ ಗೊತ್ತೇ ಇದೆ. ನಿನಗೆ ನಾನೂರ ಹನ್ನೊಂದು ಮತ. ಮೇಷ್ಟ್ರು ಮುನ್ನೂರು ಚಿಲ್ಲರೆ ಮತದಲ್ಲಿ ಸೋತರು. ಗೆದ್ದವನು ಮೂರನೆಯವನು. ಪಕ್ಷದ ಒಂಬತ್ತು ಜನ ಬೇರೆ ಯೂನಿಯನ್ ಮಾಡಿದರು, ಹನ್ನೆರಡು ಜನ ಹಳೆಯದನ್ನು ಇಟ್ಟುಕೊಂಡರು. ಮಸೂದೆ ಬಂತು. ತಡೆಯಲು ಒಂದು ಧ್ವನಿ ಇರಲಿಲ್ಲ, ಎರಡಿದ್ದವು, ಎರಡೂ ಒಂದನ್ನೊಂದು ಬೈಯುತ್ತಿದ್ದವು. ನೀನು ಅತ್ತಿಗೆಯನ್ನೂ ಅಮ್ಮನನ್ನೂ ಕರೆದುಕೊಂಡು ಊರು ಬಿಟ್ಟೆ. ಕಾರ್ಖಾನೆ ಮುಚ್ಚಿ ಭಟ್ಟಿ ಆರಿಸಿದ ದಿನ ನೀನು ಇಲ್ಲಿರಲಿಲ್ಲ. ಅದೊಂದು ಒಳ್ಳೆಯದಾಯಿತು.

ನೀನು ಹೊರಟ ವಾರವೇ ಗಡಿಯಾರಣ್ಣ ನಮ್ಮ ಮನೆಗೆ ಬಂದರು. ಕೂರಲಿಲ್ಲ. ನಾನು ಅವರು ಕೇಳುವ ಮುಂಚೆಯೇ ಎಲ್ಲ ಹೇಳಿ ಅತ್ತೆ. ಈಗಲೇ ನಿನಗೆ ಹೇಳಿಬಿಡುತ್ತೇನೆ ಅಂದೆ. ಅವರು ಬೇಡ ಅಂದರು. "ಅವ್ನಿಗೆ ಈಗ ಪಕ್ಷ ಹೋಯ್ತು, ಯೂನಿಯನ್ ಹೋಯ್ತು, ಊರೂ ಹೋಯ್ತು. ನೀನೂ ಹೋದ್ರೆ ಏನು ಉಳಿಯುತ್ತಮ್ಮ? ನಾನು ಸ್ನೇಹಿತ, ಇನ್ನೊಬ್ಬ ಸಿಗ್ತಾನೆ. ತಂಗಿ ಎಲ್ಲಿ ಸಿಗ್ತಾಳೆ? ಸುಮ್ನಿರು."

ನಾನು ಸುಮ್ಮನಿದ್ದೆ. ಅಣ್ಣ, ಅಂಟು ಬಳಿಯುತ್ತಾ ಆಡಿದ ಮಾತಿಗೆ ಕ್ಷಮೆ ಇರಬಹುದು. ಕರಪತ್ರ ಬರೆದದ್ದಕ್ಕೂ ಎಂದಾದರೂ ಇರಬಹುದು. ಆದರೆ ಅವರು ಆ ಅಪವಾದ ತಾವೇ ಹೊತ್ತುಕೊಳ್ಳುತ್ತೇನೆ ಅಂದಾಗ ನನಗೆ ಒಳಗೊಳಗೇ ಎಷ್ಟು ಸಮಾಧಾನವಾಯಿತು ಅಂತ ನನಗೊಬ್ಬಳಿಗೇ ಗೊತ್ತು. ನಾಲ್ಕು ವರ್ಷ ನಿನ್ನ ಫೋನು ಬಂದಾಗಲೆಲ್ಲ "ಚೆನ್ನಾಗಿದ್ದೀಯಾ" ಅಂತ ಕೇಳಿದೆ. ನೀನು "ಆ ಮನುಷ್ಯ ಹೇಗಿದ್ದಾನೆ?" ಅಂತ ಒಮ್ಮೆ ಕೇಳಿದ್ದೆ, ನೆನಪಿದೆಯಾ? "ಇದ್ದಾರೆ" ಅಂದೆ. ಆಗಲೂ ಹೇಳಲಿಲ್ಲ.

ಹೆಣ ಎತ್ತಿದ ಮೂರನೆಯ ದಿನ ಅವರ ಹೆಂಡತಿಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಅಂಗಳದಲ್ಲಿ ಒಗೆದ ಬಟ್ಟೆ ಹಿಂಡುತ್ತಿದ್ದರು. ಗಡಿಯಾರಣ್ಣನ ಅಂಗಿಗಳೇ. ಕೈ ನಿಲ್ಲಿಸಲಿಲ್ಲ, ಹಿಂಡುತ್ತಲೇ ಕೇಳಿದರು. ಕೊನೆಗೆ ಅಂಗಿಯನ್ನು ಬಕೆಟ್ಟಿನ ಅಂಚಿಗೆ ಹಾಕಿ ಹೇಳಿದರು.

"ಆಗ ನಾನೂ ಒಂದು ದಿನ ಕೇಳಿದ್ದೆ, ನೀವೇ ಹೇಳಿದ್ರಾ ಅಂತ. ಸುಮ್ನೆ ಕೂತಿದ್ರು. ಹೇಳಿದ್ದಾರೆ, ಅದಕ್ಕೇ ಮಾತಿಲ್ಲ ಅಂದ್ಕೊಂಡೆ. ನಾಲ್ಕು ವರ್ಷ ಹಾಗೇ ಅಂದ್ಕೊಂಡೇ ಅನ್ನ ಬಡಿಸಿದ್ದೀನಿ."

ಆಮೇಲೆ ಅಂದರು. "ನೀನು ಹೇಳಿ ಹಗುರ ಆದೆ. ನಾನೀಗ ಯಾರ ಹತ್ರ ಹೇಳ್ಲಿ?"

ನನಗೆ ಬೈದಿದ್ದರೆ ಚೆನ್ನಾಗಿತ್ತು. ಅಷ್ಟೇ ಹೇಳಿ ಒಳಗೆ ಹೋದರು.

ನಿನ್ನಲ್ಲಿ ನಾನು ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ಕೊಟ್ಟುಬಿಡುತ್ತೀಯ, ನಿನ್ನ ಸ್ವಭಾವವೇ ಅದು. ಸುಲಭಕ್ಕೆ ಸಿಗುವುದು ನನಗೆ ಬೇಡ. ಬೇಡುವುದು ಒಂದೇ. ಊರಿಗೆ ಬಾ. ನನ್ನ ಮನೆಗಲ್ಲ, ನೇರವಾಗಿ ಆ ಅಕ್ಕನ ಮನೆಗೆ ಹೋಗು. ಅವರ ಗಂಡ ಮತ್ತು ನೀನು ಮುಷ್ಕರದ ಆ ದಿನಗಳಲ್ಲಿ ಒಳಗೆ ಏನೇನು ಮಾಡಿದಿರಿ, ಎಷ್ಟು ಸುಟ್ಟುಕೊಂಡಿರಿ, ಏನು ಮಾತಾಡಿಕೊಂಡಿರಿ, ಎಲ್ಲ ಹೇಳು. ತಾನು ಯಾರ ಜೊತೆ ಬಾಳಿದೆ ಅಂತ ಅವರಿಗೆ ಗೊತ್ತಾಗಬೇಕು. ಅದನ್ನು ಹೇಳಬಲ್ಲವನು ಈಗ ನೀನೊಬ್ಬನೇ. ನಾನು ಬಾಗಿಲವರೆಗೆ ಬುತ್ತಿ ತಂದವಳು, ಒಳಗೆ ಬಂದವಳಲ್ಲ.

ಅಮ್ಮನಿಗೆ ಈ ಪತ್ರ ಓದಿ ಹೇಳುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಅತ್ತಿಗೆಗೆ ಹೇಳಿಬಿಡು, ಅವರು ನಿನ್ನನ್ನು ಒಂಟಿಯಾಗಿ ಬಿಡುವುದಿಲ್ಲ. ನಿನ್ನ ಕೆಮ್ಮಿಗೆ ಬಿಸಿನೀರು ಕುಡಿ. ನಿನಗೆ ಒಳ್ಳೆಯ ನಿದ್ದೆ ಬರಲಿ. ನಿನ್ನ ಮಾತನ್ನು ಕೊನೆಯವರೆಗೂ ಕುಳಿತು ಕೇಳುವ ಜನ ನಿನಗೆ ಆ ಊರಿನಲ್ಲಾದರೂ ಸಿಗಲಿ.

ನಿನ್ನ ತಂಗಿ ಎಂದು ಬರೆಯಲು ನೀನು ಬಿಡುವಷ್ಟು ದಿನ,
ನಿನ್ನ ತಂಗಿ