ಮೇವಿಸ್‌ಳ ಜಾಗ

೪ ಫೆಬ್ರವರಿ ೧೯೩೨, ಬೆಳಿಗ್ಗೆ ಏಳು

ಇವತ್ತೂ ಎರಡು ಕಪ್ ಕಾಫಿ ತರಿಸಿಬಿಟ್ಟೆ. ಮೇವಿಸ್ ಹೋಗಿ ಆರು ದಿನ. ಬೆಲ್ ಒತ್ತುವಾಗ ನೆನಪಿರುವುದಿಲ್ಲ.

ಅವಳ ಶವಪೆಟ್ಟಿಗೆ ಇನ್ನೂ ನಮ್ಮ ಅರಮನೆಯ ಚಾಪೆಲ್‌ನಲ್ಲೇ ಇದೆ. ಅಣ್ಣ ಎಗ್ಬರ್ಟ್ ವಿಯೆನ್ನಾದಿಂದ ಬರಬೇಕು. ಮನೆತನದ ಯಜಮಾನ ಅವನು. ಅವನು ಹೇಳದೆ ನೆಲಮಾಳಿಗೆಯ ಸಮಾಧಿ ಕೋಣೆಯ ಬೀಗ ತೆಗೆಯುವಂತಿಲ್ಲ. ನಮ್ಮವರೆಲ್ಲ ಅಲ್ಲೇ ಮಲಗಿರುವುದು. ಹತ್ತು ವರ್ಷದ ಹಿಂದೆ ಮದುವೆಯಾಗಿ ಕ್ಯಾಲಿಫೋರ್ನಿಯಾದಿಂದ ಕರೆತಂದಾಗ ಅವಳಿಗೆ ತೋರಿಸಿದ್ದೆ — ಕಿಟಕಿ ಪಕ್ಕದ್ದು ನಿನಗೆ, ಅದರ ಪಕ್ಕ ನಾನು. ಕೈಹಿಡಿದು ಮಾತು ಕೊಟ್ಟಿದ್ದೆ. ಮೂಕಿ ಚಿತ್ರಗಳ ನಟಿ ಅವಳು, ಶೂಟಿಂಗ್‌ಗೆಂದು ಅಲ್ಲಿಗೆ ಹೋಗಿಬರುತ್ತಿದ್ದೆವು. ಚಿತ್ರಗಳು ಮಾತಾಡಲು ಕಲಿತ ಮೇಲೆ ಅವಳನ್ನು ಯಾವ ಸ್ಟುಡಿಯೋದವರೂ ಕರೆಯಲಿಲ್ಲ, ಇಲ್ಲೇ ಉಳಿದೆವು. ಅತಿಥಿಗಳು ಬಂದಾಗಲೆಲ್ಲ ಕೆಳಗೆ ಕರೆದೊಯ್ದು ಅವಳದೇ ತಮಾಷೆ: "ಅದು ನನ್ ಸೀಟು. ಫ್ರಂಟ್ ರೋ." ಎಲ್ಲರೂ ನಗುತ್ತಿದ್ದರು. ನಾನು ನನ್ನ ಬೂಟು ನೋಡಿಕೊಳ್ಳುತ್ತಿದ್ದೆ.

ಅದೇ ದಿನ, ಸಂಜೆ

ಅಣ್ಣ ಬಂದ. ತಬ್ಬಿಕೊಂಡ. ಕೋಟು ತೆಗೆಯುವ ಮೊದಲೇ ಹೇಳಿದ.

"ಆಗಲ್ಲ ಕಣೋ ಟಾಸ್ಸಿಲೋ. ನೀನೇ ಸೈನ್ ಮಾಡಿದ್ದೀಯ."

ಮಾಡಿದ್ದೆ. ಮದುವೆಗೆ ಮುಂಚೆ, ಅವಳ ಎರಡು ಶಾಟ್‌ಗಳ ನಡುವೆ, ಸ್ಟುಡಿಯೋದ ಒಂದು ಖಾಲಿ ಡ್ರಮ್ಮಿನ ಮೇಲೆ ಅಣ್ಣ ಕಳಿಸಿದ ಕಾಗದವಿಟ್ಟು. ಸಮಾನ ಕುಲದವಳಲ್ಲದ ಹೆಂಡತಿಗೆ ಮನೆತನದ ಹೆಸರಿಲ್ಲ, ಪದವಿಯಿಲ್ಲ, ಸಮಾಧಿ ಕೋಣೆಯಲ್ಲಿ ಜಾಗವಿಲ್ಲ. ಸಹಿ ಹಾಕದಿದ್ದರೆ ಮದುವೆಗೆ ಯಜಮಾನನ ಒಪ್ಪಿಗೆಯಿಲ್ಲ. ಕಾಲ ಬದಲಾಗುತ್ತದೆ ಎಂದುಕೊಂಡೆ... ಅಣ್ಣ ಕರಗುತ್ತಾನೆ ಎಂದುಕೊಂಡೆ. ಅವಳಿಗೆ ಹೇಳಲೇ ಇಲ್ಲ. ಅವಳ ಸಿನಿಮಾ ಪೋಸ್ಟರ್‌ಗಳಲ್ಲೆಲ್ಲ, ಇಲ್ಲದ ಆ ಪದವಿ ಸೇರಿಸಿ, ಕೌಂಟೆಸ್ ಮೇವಿಸ್ ಎಂದೇ ಅಚ್ಚಾಗುತ್ತಿತ್ತು.

ಬೇಡಿಕೊಂಡೆ. ಅವಳಿಗೆ ಇದೊಂದೂ ಗೊತ್ತಿಲ್ಲದೆ, ನನ್ನ ಮಾತು ನಂಬಿ ಹೋದಳು ಎಂದೆ. ಅಣ್ಣ ಕೈಗವಸು ಮಡಿಸಿ ಮೇಜಿನ ಮೇಲಿಟ್ಟ.

"ಗೊತ್ತಿತ್ತು ಕಣೋ. ಮೊದಲ್ನೇ ಸಲ ಬಂದ ವರ್ಷಾನೇ ನನ್ ಹತ್ರ ಬಂದು ಕೇಳಿದ್ಲು. ಕಾಗದ ತೋರಿಸ್ದೆ. 'ಟಾಸ್ಸಿಲೋಗೆ ಹೇಳ್ಬೇಡಿ ಭಾವ, ಪಾಪ, ಮುಖ ಎತ್ತಿ ನೋಡೋಕಾಗಲ್ಲ ಅವನಿಗೆ' ಅಂದ್ಲು."

ಅಂದರೆ ಆ ಫ್ರಂಟ್ ರೋ ತಮಾಷೆ. ಗೊತ್ತಿದ್ದೂ, ಅಷ್ಟು ವರ್ಷ. ನನಗೋಸ್ಕರ —

೫ ಫೆಬ್ರವರಿ

ಹೆಂಡತಿ ಸತ್ತವನಿಗೆ ಇಂಗ್ಲಿಷಿನಲ್ಲಿ ಒಂದು ಪದವಿದೆ. ವಿಡೋವರ್? ಕಾಲೇಜಿನಲ್ಲಿ ಬರೆಸಿದ್ದರು. ಸರಿಯೋ ತಪ್ಪೋ, ಕೇಳೋಣವೆಂದರೆ ಅವಳಿಲ್ಲ.

೭ ಫೆಬ್ರವರಿ

ಊರ ಪಾದ್ರಿ ಫಾದರ್ ವಾಲೆಂಟಾ ಬಂದಿದ್ದರು. ಟೋಪಿ ಕೈಯಲ್ಲಿ ತಿರುಗಿಸುತ್ತ ನಿಂತರು. ಮೂರು ವರ್ಷದ ಹಿಂದೆಯೇ ಮೇವಿಸ್ ಊರ ಸ್ಮಶಾನದಲ್ಲಿ ಒಂದು ಜಾಗ ಹಿಡಿದಿಟ್ಟಿದ್ದಳಂತೆ.

"ಅಮ್ಮಾವ್ರೇ ಆರಿಸಿದ್ದು ದೊರೆ. ಎಡಕ್ಕೆ ಗಿರಣಿಯವ್ರು, ಬಲಕ್ಕೆ ನಮ್ ಟೀಚರಮ್ಮ. ಇಬ್ರೂ ಸಿನಿಮಾ ನೋಡ್ತಿದ್ದೋರು, ಮಾತಿಗಾದ್ರೂ ಆಗುತ್ತೆ ಅಂದ್ರು."

ನನಗೆ ಜಾಗ ಎಲ್ಲಿ ಎಂದು ಕೇಳಿದೆ.

"ನಿಮ್ದು ಕೆಳಗಡೆ ಇದೆಯಲ್ಲ ದೊರೆ, ನಿಮ್ಮೋರ ಜೊತೆ. ಅವ್ರು ಒಬ್ರಿಗೆ ಮಾತ್ರ ಕೇಳಿದ್ದು."

ಹೋಗಿ ನೋಡಿದೆ. ಎರಡು ಗೋರಿಗಳ ನಡುವೆ ಒಂದೇ ಪೆಟ್ಟಿಗೆಯ ಅಗಲ. ಹಿಂದೆ ಗೋಡೆ, ಮುಂದೆ ದಾರಿ.

೮ ಫೆಬ್ರವರಿ, ಬೆಳಿಗ್ಗೆ

ನೆಲಮಾಳಿಗೆಯ ಜಾಗ ನನಗೆ ಬೇಡವೆಂದು ಅಣ್ಣನಿಗೆ ಬರೆದುಕೊಟ್ಟೆ. ಓದಿ ಕಿಸೆಗಿಟ್ಟುಕೊಂಡ. ಅಲ್ಲಿಂದ ಗುಂಡಿ ತೋಡುವ ಮಾರೆಕ್‌ನ ಬಳಿ ಹೋದೆ. ಆಳ ಎಷ್ಟಿರಬೇಕೆಂದು ಕೇಳಿದ. ಇಬ್ಬರಿಗೆ ಎಂದೆ. ಕೆಳಗೆ ಅವಳು, ನನ್ನ ಕಾಲ ಬಂದಾಗ ಮೇಲೆ ನಾನು.

"ಮಣ್ಣು ಹೆಪ್ಪುಗಟ್ಟಿ ಕಲ್ಲಾಗಿದೆ ದೊರೆ. ಎರಡು ದಿನ ಹಿಡಿಯುತ್ತೆ."

ಹಿಡಿಯಲಿ.

೯ ಫೆಬ್ರವರಿ, ಮಧ್ಯಾಹ್ನ

ಮಾರೆಕ್ ಎದೆಮಟ್ಟ ಇಳಿದಿದ್ದಾನೆ. ಆಗಾಗ ತಲೆಯೆತ್ತಿ ಸಾಕಾ ಎನ್ನುತ್ತಾನೆ. ಇನ್ನೂ ಇಳಿ ಎಂದಿದ್ದೇನೆ. ನನ್ನ ಭಾರ ಅವಳ ಮೇಲೆ ಬೀಳಬಾರದು. ನಡುವೆ ಒಂದಿಷ್ಟು ಮಣ್ಣಿರಬೇಕು, ತುಂಬ ಬೇಡ... ಕರೆದರೆ ಕೇಳಿಸುವಷ್ಟು.